ಸೀಸನ್ನಿಗೆ ಸರಿಯಾಗಿ ಹುಟ್ಟುವ ಮರಿ

ಪಶುವೈದ್ಯರ ಜೊತೆ ಮಾತುಕತೆ. ಈ ಸಲ ಬಂದ ಪತ್ರಗಳಲ್ಲಿ ಮೂರು ಪತ್ರ ಕುದುರೆ ಮರಿಗಳ ಬಗ್ಗೆಯೇ ಇದ್ದವು. ಮೂರೂ ತಮಿಳುನಾಡಿನ ಗಡಿ ಕಡೆಯಿಂದ ಬಂದವು. ಅದಕ್ಕೇ ಹಸು, ನಾಯಿ, ಕೋಳಿಯವರು ಮುಂದಿನ ಸಲದವರೆಗೆ ಸ್ವಲ್ಪ ಕಾಯಿರಿ.

ಪ್ರಶ್ನೆ: ಡಾಕ್ಟ್ರೇ, ನಮ್ಮ ತಾತ ಗುಂಡ್ಲುಪೇಟೆ ಕಡೆಯಿಂದ ಊಟಿಗೆ ಬಂದವರು. ನನ್ನ ಹತ್ತಿರ ಸವಾರಿಗೆ ಬಿಡುವ ಮೂರು ಹೆಣ್ಣು ಕುದುರೆಗಳಿವೆ. ಗಂಡು ಕುದುರೆ ಸಾಕಿಲ್ಲ. ಆದರೂ ವರ್ಷಕ್ಕೆ ಒಂದೆರಡು ಮರಿ ಹುಟ್ಟುತ್ತಲೇ ಇರುತ್ತವೆ. ಸಂಜೆ ಕೆಲಸ ಮುಗಿದ ಮೇಲೆ ಮೇಯಲು ಬಿಡುತ್ತೇವೆ, ಇಲ್ಲಿ ಜಾಸ್ತಿ ಜನ ಹಾಗೇ ಮಾಡುವುದು. ಹೆಣ್ಣು ಮರಿಯನ್ನು ಯಾರಾದರೂ ಕೇಳುತ್ತಾರೆ, ಗಂಡು ಮರಿಯನ್ನು ಕೇಳುವವರಿಲ್ಲ. ಹೋದ ವರ್ಷ ಎರಡು ಮರಿಗಳನ್ನು ಮಾರಲು ಅಂದಿಯೂರಿನ ಕುದುರೆ ಜಾತ್ರೆಗೆ ಕಳಿಸಿದೆ. ಅದಕ್ಕೆ ಮಗಳು ನನ್ನ ಹತ್ತಿರ ಎರಡು ದಿನ ಮಾತು ಬಿಟ್ಟಳು. ಹುಟ್ಟುವ ಮರಿಯನ್ನು ತಡೆಯಲಿಕ್ಕೆ ಆಗುತ್ತಾ? ಇದರಲ್ಲಿ ನನ್ನ ತಪ್ಪೇನು?

ಉತ್ತರ: ಗಂಡು ಕುದುರೆ ನಿಮ್ಮದಲ್ಲ, ನಿಜ. ಆದರೆ ಸಂಜೆ ಹಗ್ಗ ಬಿಚ್ಚುವ ಕೈ ನಿಮ್ಮದೇ ಅಲ್ವಾ? ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮನ್ನು ಬೈಯಲು ಈ ಮಾತು ಹೇಳುತ್ತಿಲ್ಲ. ಮರಿ ಹುಟ್ಟಿದ ಮೇಲೆ ಏನು ಮಾಡಲಿ ಅಂತ ನೀವು ಕೇಳುತ್ತಿದ್ದೀರಿ. ಅದನ್ನು ಕೇಳಿಕೊಳ್ಳಬೇಕಾದದ್ದು ಹನ್ನೊಂದು ತಿಂಗಳು ಮುಂಚೆ.

ಒಂದು ಕ್ಯಾಲೆಂಡರ್ ತೆಗೆದುಕೊಂಡು ಎದುರಿಗೆ ಇಟ್ಟುಕೊಳ್ಳಿ. ಕುದುರೆ ಗಬ್ಬ ಇರುವುದು ಹೆಚ್ಚುಕಡಿಮೆ 340 ದಿನ. ಊಟಿಯಲ್ಲಿ ಜೋರು ಸೀಸನ್ ಏಪ್ರಿಲ್, ಮೇ. ಆಗ ಬೆಳಗ್ಗೆಯಿಂದ ಸಂಜೆವರೆಗೆ ದುಡಿದು ಸುಸ್ತಾದ ಕುದುರೆಯನ್ನು ರಾತ್ರಿ ಬಿಡುತ್ತೀರಿ. ಆ ಹೊತ್ತಿಗೆ ಅದು ಬೆದೆಗೆ ಬಂದಿದ್ದರೆ, ಬೀದಿಯ ಗಂಡು ಕುದುರೆ ಕಾಯುತ್ತಲೇ ಇರುತ್ತದೆ. ಮರಿ ಹುಟ್ಟುವುದು ಮುಂದಿನ ಮಾರ್ಚ್, ಏಪ್ರಿಲ್‌ಗೆ. ಅಂದರೆ ಮತ್ತೆ ಸೀಸನ್ನಿಗೆ ಸರಿಯಾಗಿ! ಟೂರಿಸ್ಟ್ ಬಸ್ಸುಗಳು ಸಾಲುಗಟ್ಟಿ ನಿಂತಿವೆ, ತಾಯಿ ಕುದುರೆಗೆ ಜೀನು ಬಿಗಿಯಲೇಬೇಕು. ಮೊದಲ ವಾರಗಳಲ್ಲಿ ಮರಿ ಗಂಟೆಗೆ ಐದಾರು ಸಲ ಕೆಚ್ಚಲಿಗೆ ಬಾಯಿ ಹಾಕುತ್ತದೆ. ಸವಾರಿಯ ಹಿಂದೆ ಹಿಂದೆ ಓಡುತ್ತದೆ, ಕಾರಿನ ಹಾರ್ನ್‌ಗೆ ಬೆಚ್ಚುತ್ತದೆ. ಇಲ್ಲವಾದರೆ ಕೊಟ್ಟಿಗೆಯಲ್ಲಿ ಕಟ್ಟಿರುತ್ತಾರೆ. ತಾಯಿಯ ಕೆಚ್ಚಲು ಬಿಗಿದು ಹಾಲು ತೊಟ್ಟಿಕ್ಕುತ್ತಿರುತ್ತದೆ, ಅದರ ಬೆನ್ನ ಮೇಲೆ ಯಾರೋ ಕೂತು ಸೆಲ್ಫಿ ತೆಗೆದುಕೊಳ್ಳುತ್ತಿರುತ್ತಾರೆ.

ಇನ್ನೂ ಒಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಮರಿ ಹಾಕಿದ ಒಂದು ವಾರ, ಹತ್ತು ದಿನದಲ್ಲೇ ಕುದುರೆ ಮತ್ತೆ ಬೆದೆಗೆ ಬರುತ್ತದೆ. ಹಸುವಿನ ಲೆಕ್ಕ ಇದಕ್ಕೆ ಹಿಡಿಯುವುದಿಲ್ಲ. 'ಬಾಣಂತಿ, ಪಾಪ, ಹಸಿರು ಮೇಯಲಿ' ಅಂತ ನೀವು ಬಿಟ್ಟ ವಾರದಲ್ಲೇ ಮುಂದಿನ ಮರಿಗೂ ದಾರಿಯಾಯಿತು. ಗಬ್ಬವೂ ಇದೆ, ಮರಿಗೆ ಹಾಲೂ ಕೊಡಬೇಕು, ಸವಾರಿಯನ್ನೂ ಹೊರಬೇಕು. ಒಂದು ಹೊಟ್ಟೆಯ ಮೇವಿನಲ್ಲಿ ಮೂರು ಕೆಲಸ.

ಈಗ ಅಂದಿಯೂರು. ಗುರುನಾಥಸ್ವಾಮಿ ಜಾತ್ರೆ ನಡೆಯುವುದು ಆಡಿ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನೊಳಗೆ. ಮಾರ್ಚ್, ಏಪ್ರಿಲ್‌ನಲ್ಲಿ ಹುಟ್ಟಿದ ಮರಿಗೆ ಆಗ ನಾಲ್ಕು ತಿಂಗಳು, ಕೆಲವಕ್ಕೆ ಅಷ್ಟೂ ಆಗಿರುವುದಿಲ್ಲ. ಹಾಲು ಬಿಡಿಸಲು ಸರಿಯಾದ ವಯಸ್ಸು ನಾಲ್ಕರಿಂದ ಆರು ತಿಂಗಳು, ಅದೂ ನಿಧಾನವಾಗಿ. ಇಲ್ಲಿ ಒಂದೇ ದಿನದಲ್ಲಿ ಬಿಡಿಸಿ, ಪಿಕಪ್ ಗಾಡಿಗೆ ಹತ್ತಿಸಿ, ಘಾಟಿ ಇಳಿಸಿ, ಸಾವಿರಾರು ಜನರ ನಡುವೆ ನಿಲ್ಲಿಸುತ್ತಾರೆ. ಆ ಜಾತ್ರೆಗೆ ನಾನೂ ಹೋಗಿದ್ದೇನೆ. ಒಳ್ಳೊಳ್ಳೆ ಕುದುರೆ ಬರುತ್ತವೆ, ಕುದುರೆಯ ಮೇಲೆ ಜೀವ ಇಟ್ಟವರೂ ಬರುತ್ತಾರೆ. ಹಿಂದೆ ಟಿಪ್ಪುವಿನ ಸೈನ್ಯಕ್ಕೂ ಅಲ್ಲಿಂದ ಕುದುರೆ ಹೋಗುತ್ತಿತ್ತು ಅಂತ ಹೇಳುವ ಮಾತಿದೆ. ಆದರೆ ಅಂಥವರು ನೋಡಲು ಬರುವುದು ನಿಮ್ಮ ತಟ್ಟು (ಗಿಡ್ಡ ಕುದುರೆ) ಮರಿಯನ್ನಲ್ಲ. ಅದನ್ನು ಕೊಳ್ಳುವವನು ಕಡಿಮೆ ರೇಟಿಗೆ ಕೊಂಡು ಇನ್ನೊಬ್ಬನಿಗೆ ಮಾರುವವನು. ಮೂರನೆಯ ಕೈಗೆ ಹೋದ ಮೇಲೆ ಆ ಮರಿ ಎಲ್ಲಿದೆ ಅಂತ ನಿಮಗೂ ಗೊತ್ತಿರುವುದಿಲ್ಲ, ನನಗೂ ಗೊತ್ತಿರುವುದಿಲ್ಲ. ನಿಮ್ಮ ಮಗಳಿಗೆ ಕೋಪ ಬಂದಿರುವುದು ಬಹುಶಃ ಇದಕ್ಕೇ.

ನಾನು ಕೆಲಸದಲ್ಲಿದ್ದಾಗ ಒಂದು ಮರಿಯನ್ನು ಕ್ಯಾರೆಟ್ ತೊಳೆಯುವ ಜಾಗದಿಂದ ಹಿಡಿದು ತಂದಿದ್ದರು. ಎಸೆದ ಕ್ಯಾರೆಟ್ ತುಂಡು ತಿಂದುಕೊಂಡು ಅಲ್ಲೇ ಇತ್ತಂತೆ. ಆರೇಳು ತಿಂಗಳ ಗಂಡು ಮರಿ. ಮೂತಿಗೆ ನೀಲಿ ನೈಲಾನ್ ಹಗ್ಗ. ಯಾರೋ ಚಿಕ್ಕದಿದ್ದಾಗ ಕಟ್ಟಿ, ಆಮೇಲೆ ಮರಿಯನ್ನು ಬಿಟ್ಟುಬಿಟ್ಟಿದ್ದಾರೆ. ಮರಿ ಬೆಳೆದಿದೆ, ಹಗ್ಗ ಬೆಳೆದಿಲ್ಲ. ಮೂಗಿನ ಮೂಳೆಯ ಮೇಲೆ ಚರ್ಮ ಸೀಳಿ ಒಳಗೆ ಹೂತುಹೋಗಿತ್ತು, ಮೇಲೆ ಮಾಂಸ ಬೆಳೆದುಕೊಂಡಿತ್ತು. ಹಗ್ಗ ಕಾಣಿಸುತ್ತಿದ್ದದ್ದು ದವಡೆಯ ಕೆಳಗೆ ಎರಡು ಬೆರಳಗಲ ಮಾತ್ರ. ಅದನ್ನು ಕತ್ತರಿಸಿ ತೆಗೆಯಲು ಮುಕ್ಕಾಲು ಗಂಟೆ ಹಿಡಿಯಿತು. ಅದು ಬದುಕಿತು. ಬೀದಿಯಲ್ಲಿ ಪ್ಲಾಸ್ಟಿಕ್ ತಿಂದು ಹೊಟ್ಟೆ ಕಟ್ಟಿಕೊಂಡು ಬರುವ ಮರಿಗಳು ಹೀಗೆ ಬದುಕುವುದು ಕಡಿಮೆ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಒಳಗೆ ಹೋದದ್ದು ಮುಂದಕ್ಕೇ ಹೋಗಬೇಕು, ಇಲ್ಲವೇ ಅಲ್ಲೇ ಸಿಕ್ಕಿಕೊಳ್ಳಬೇಕು.

'ಮರಿ ಸುಮ್ನೆ ಬೆಳೆಯುತ್ತೆ, ಖರ್ಚೇನು' ಅನ್ನುವ ಮಾತು ನೀವೂ ಕೇಳಿರುತ್ತೀರಿ. ಲೆಕ್ಕ ಹಾಕಿ. ಮೂರು ವರ್ಷ ತುಂಬುವ ಮೊದಲು ಅದರ ಬೆನ್ನ ಮೇಲೆ ಯಾರನ್ನೂ ಕೂರಿಸಬಾರದು. ಬೆನ್ನುಮೂಳೆ ಪೂರ್ತಿ ಗಟ್ಟಿಯಾಗುವುದು ಐದಾರು ವರ್ಷಕ್ಕೆ. (ಸವಾರಿಯ ವಿಷಯ ಬಂತು ಅಂತ ಹೇಳುತ್ತೇನೆ: 1965ರ ಕೇಂದ್ರದ ನಿಯಮದಲ್ಲಿ ತಟ್ಟು ಕುದುರೆಯ ಮೇಲೆ ಹೇರಬಹುದಾದ ಹೊರೆ 70 ಕಿಲೋ. ಬರುವ ಟೂರಿಸ್ಟರ ತೂಕ ಒಮ್ಮೆ ಕಣ್ಣಳತೆಯಲ್ಲಿ ನೋಡಿ.) ಹಾಗಾದರೆ ಮೂರು ವರ್ಷ ಮೇವು, ಹುರುಳಿ, ಜಂತುಹುಳದ ಔಷಧಿ, ಗೊರಸು ಕತ್ತರಿಸುವ ಖರ್ಚು, ಎಲ್ಲ ಕೈಯಿಂದಲೇ. ಚೆನ್ನಾಗಿ ಸಾಕಿದರೆ ತಟ್ಟು 25 ವರ್ಷ ಬದುಕುತ್ತದೆ. ಇಷ್ಟಕ್ಕೂ ಸಿದ್ಧರಿದ್ದರೆ ಮರಿ ಹಾಕಿಸಿ, ಯಾರೂ ಬೇಡ ಅನ್ನುವುದಿಲ್ಲ.

ಇಂಗ್ಲೆಂಡಿನ ನ್ಯೂ ಫಾರೆಸ್ಟ್‌ನಲ್ಲಿಯೂ ಜನ ತಮ್ಮ ತಟ್ಟುಗಳನ್ನು ಬಯಲಿಗೆ ಬಿಟ್ಟು ಮೇಯಿಸುತ್ತಾರೆ. ಆದರೆ ಗಂಡು ಕುದುರೆಯನ್ನು ಯಾರು ಬೇಕಾದರೂ ಬಿಡುವ ಹಾಗಿಲ್ಲ. ಯಾವ ಗಂಡು, ಎಷ್ಟು ಗಂಡು, ಎಷ್ಟು ವಾರ ಅಂತ ಅಲ್ಲಿನ ವರ್ಡರರ್‌ಗಳ (ಬಯಲಿನ ಮೇಯಿಸುವಿಕೆಯ ಉಸ್ತುವಾರಿ ನೋಡುವವರ) ಮಂಡಳಿ ತೀರ್ಮಾನ ಮಾಡುತ್ತದೆ. ಅಮೆರಿಕದ ಶಿಂಕಟೀಗ್‌ನಲ್ಲಿ ಬಯಲಿನ ತಟ್ಟುಗಳ ಹಿಂಡು 150 ದಾಟಬಾರದು ಅಂತ ಮಿತಿ ಇದೆ; 1920ರ ದಶಕದಿಂದ ಜುಲೈನಲ್ಲಿ ಮರಿಗಳನ್ನು ಹರಾಜು ಹಾಕುತ್ತಾ ಬಂದಿದ್ದಾರೆ. ಅಲ್ಲೂ ಎಲ್ಲ ಚೆನ್ನಾಗಿದೆ ಅಂತಲ್ಲ. ಯೂರೋಪಿನಲ್ಲಿ ಹೆಚ್ಚಾದ ಮರಿಗಳು ಮಾಂಸಕ್ಕೆ ಹೋಗುವುದೂ ಉಂಟು. ನಮ್ಮಲ್ಲಿ ಕುದುರೆ ಮಾಂಸ ತಿನ್ನುವ ರೂಢಿ ಇಲ್ಲ. ಅದಕ್ಕೇ ನಾವು ಅವರಿಗಿಂತ ಕರುಣೆಯವರು ಅಂದುಕೊಂಡಿದ್ದೇವೆ. ಕಡಿಯುವುದಿಲ್ಲ, ಬೀದಿಗೆ ಬಿಡುತ್ತೇವೆ. ಆ ನೀಲಿ ಹಗ್ಗದ ಮರಿಯನ್ನು ನೋಡಿದ ಮೇಲೆ ಇದರಲ್ಲಿ ಯಾವುದು ಕರುಣೆ ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ.

ಸರಿ, ನೀವೇನು ಮಾಡಬೇಕು? ಗಂಡುಗಳ ಬೀಜ ತೆಗೆಸಬೇಕು. ಒಂದೆರಡರದ್ದಲ್ಲ, ಬೀದಿಯಲ್ಲಿ ಓಡಾಡುವ ಅಷ್ಟೂ ಗಂಡುಗಳದ್ದು. ಹತ್ತರಲ್ಲಿ ಒಂಬತ್ತಕ್ಕೆ ಮಾಡಿಸಿ ಒಂದನ್ನು ಬಿಟ್ಟರೆ, ಆ ಒಂದೇ ಎಲ್ಲ ಹೆಣ್ಣುಗಳಿಗೂ ಸಾಕು. ಮರಿ ಒಂದೂ ಕಡಿಮೆಯಾಗುವುದಿಲ್ಲ. ಅದಕ್ಕೇ ಇದು ನಿಮ್ಮೊಬ್ಬರಿಂದ ಆಗುವ ಕೆಲಸವಲ್ಲ. ಸ್ಟ್ಯಾಂಡಿನಲ್ಲಿ ನಿಲ್ಲುವ ಎಲ್ಲ ಕುದುರೆಯವರೂ ಸೇರಿ, ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಮಾತಾಡಿ, ಒಂದೇ ವಾರದಲ್ಲಿ ಮುಗಿಸಿ. ನೀಲಗಿರಿಯಲ್ಲಿ ಡಿಸೆಂಬರಿನಿಂದ ಫೆಬ್ರವರಿ ಒಳ್ಳೆಯ ಸಮಯ: ಮಳೆ ಕಡಿಮೆ, ನೊಣ ಕಡಿಮೆ, ಸೀಸನ್ನೂ ಇಲ್ಲ. ಎತ್ತಿಗೆ ಒತ್ತುವ ಇಕ್ಕಳ ತಂದು 'ನಾನೇ ಮಾಡ್ತೀನಿ' ಅನ್ನುವವರು ಪ್ರತಿ ಊರಲ್ಲೂ ಒಬ್ಬರಿರುತ್ತಾರೆ. ಅವರಿಗೆ ಕಾಫಿ ಕೊಟ್ಟು ಕಳಿಸಿ. ಕುದುರೆಗೆ ಮತ್ತು ಬರಿಸಿ ಆಪರೇಷನ್ನೇ ಮಾಡಬೇಕು, ಧನುರ್ವಾಯು ಇಂಜೆಕ್ಷನ್ ಕೊಡಿಸಲೇಬೇಕು. ಧನುರ್ವಾಯು ಕುದುರೆಗೆ ಹಿಡಿದಷ್ಟು ಬೇಗ ಬೇರೆ ಸಾಕುಪ್ರಾಣಿಗೆ ಹಿಡಿಯುವುದಿಲ್ಲ. ಆಪರೇಷನ್ ಆದ ಮೇಲೂ ಒಂದೂವರೆ ತಿಂಗಳು ಹೆಣ್ಣುಗಳ ಹತ್ತಿರ ಬಿಡಬೇಡಿ, ಮೈಯೊಳಗೆ ಉಳಿದ ವೀರ್ಯದಲ್ಲೂ ಗಬ್ಬ ನಿಲ್ಲಬಹುದು.

ಅಲ್ಲಿಯವರೆಗೆ ಹೆಣ್ಣುಗಳನ್ನು ರಾತ್ರಿ ಕೊಟ್ಟಿಗೆಯಲ್ಲಿ ಕಟ್ಟಿ. ಪ್ರತಿದಿನ ಆಗದಿದ್ದರೆ ಬೆದೆಯ ದಿನಗಳಲ್ಲಾದರೂ ಕಟ್ಟಿ. ಬೆದೆ 21 ದಿನಕ್ಕೊಮ್ಮೆ ಬರುತ್ತದೆ, ಐದಾರು ದಿನ ಇರುತ್ತದೆ. ಬಾಲ ಎತ್ತುವುದು, ಮತ್ತೆ ಮತ್ತೆ ಉಚ್ಚೆ ಹೊಯ್ಯುವುದು, ಇದು ನಿಮಗೇ ಗೊತ್ತಾಗುತ್ತದೆ. ಮನೆಯಲ್ಲೇ ಉಳಿದ ಗಂಡು ಮರಿಯನ್ನು ಒಂದು ವರ್ಷದೊಳಗೆ ತಾಯಿಯಿಂದ, ಅಕ್ಕತಂಗಿಯರಿಂದ ಬೇರೆ ಮಾಡಿ. 'ಇನ್ನೂ ಮಗು' ಅಂದುಕೊಂಡು ಬಿಟ್ಟಿದ್ದ ಮರಿ ಒಂದೂವರೆ ವರ್ಷಕ್ಕೇ ತಾಯಿಗೆ ಗಬ್ಬ ಕಟ್ಟಿಸಿದ್ದನ್ನು ನೋಡಿದ್ದೇನೆ.

ಈ ವರ್ಷ ಹುಟ್ಟುವ ಮರಿ ಗಂಡಾದರೆ ಬೀಜ ತೆಗೆಸಿ, ಹಗ್ಗ ಹಿಡಿದರೆ ನಡೆಯುವ ಹಾಗೆ ಪಳಗಿಸಿ, ವರ್ಷ ತುಂಬಿದ ಮೇಲೆ ಮಾರಿ. ಪಳಗಿದ, ಕಚ್ಚದ, ಬೀಜ ತೆಗೆಸಿದ ತಟ್ಟುವನ್ನು ಮಕ್ಕಳಿಗೆ ಅಂತ ಕೇಳಿಕೊಂಡು ಬರುವವರು ಇದ್ದಾರೆ. ಬೆಲೆಯೂ ಬರುತ್ತದೆ. ಕೊಳ್ಳುವವರ ಕೊಟ್ಟಿಗೆಯನ್ನು ಹೋಗಿ ನೋಡಿ ಬನ್ನಿ, ಮಗಳನ್ನೂ ಕರೆದುಕೊಂಡು ಹೋಗಿ.

ಪ್ರಶ್ನೆ: ನಮ್ಮದು ತಾಳವಾಡಿ. ಮದುವೆ ಮೆರವಣಿಗೆಗೆ ಬಿಳಿ ಕುದುರೆ ಬೇಕು ಅಂತ ನಮ್ಮ ಕೆಂದು ಕುದುರೆಗೆ ದುಡ್ಡು ಕೊಟ್ಟು ಬಿಳಿ ಗಂಡು ಬಿಡಿಸಿದೆವು. ಹುಟ್ಟಿದ್ದು ಕಪ್ಪು ಮರಿ. ಮೇಲಿಂದ ಹಣೆಯಲ್ಲಿ ಎರಡು ಸುಳಿ. ನಮ್ಮಪ್ಪ, 'ಇದು ಮನೆಗೆ ಆಗಿಬರಲ್ಲ, ಯಾರಿಗಾದರೂ ಕೊಟ್ಟುಬಿಡು, ಇನ್ನೊಂದು ಸಲ ಬಿಡಿಸೋಣ' ಅಂತಾರೆ. ಏನು ಮಾಡಲಿ?

ಉತ್ತರ: ಕೊಡಬೇಡಿ, ತಡೀರಿ! ನೀವು ಕೊಡಲು ಹೊರಟಿರುವುದು ಬಿಳಿ ಕುದುರೆಯನ್ನೇ ಇರಬಹುದು.

ನಾವು ಬಿಳಿ ಅನ್ನುವ ಬಹಳಷ್ಟು ಕುದುರೆಗಳು ಹುಟ್ಟುವಾಗ ಬಿಳಿ ಇರುವುದಿಲ್ಲ. ಕಪ್ಪು, ಕಂದು, ಕೆಂದು ಹೀಗೆ ಹುಟ್ಟಿ, ವರ್ಷ ಕಳೆದ ಹಾಗೆ ಕೂದಲು ನರೆಯುತ್ತಾ ಬೂದಿ ಬಣ್ಣಕ್ಕೆ ತಿರುಗುತ್ತವೆ. ಪೂರ್ತಿ ಬಿಳಿಯಾಗಲು ಆರರಿಂದ ಹತ್ತು ವರ್ಷ ಹಿಡಿಯುತ್ತದೆ. ಅಪ್ಪ ಅಥವಾ ಅಮ್ಮ, ಯಾರಾದರೊಬ್ಬರು ಆ ಜಾತಿಯವರಾದರೆ ಮರಿಗೆ ಆ ಗುಣ ಬರುವ ಸಾಧ್ಯತೆ ಕಡಿಮೆ ಎಂದರೂ ಅರ್ಧಕ್ಕರ್ಧ. ಮೊದಲು ಆ ಗಂಡು ಕುದುರೆಯ ಮೂತಿ ನೋಡಿ ಬನ್ನಿ. ಕೂದಲು ಬಿಳಿ, ಮೂತಿಯ ಚರ್ಮ ಕಪ್ಪು ಇದ್ದರೆ ಅದು ನರೆತು ಬಿಳಿಯಾದದ್ದು. ಚರ್ಮವೂ ಗುಲಾಬಿ ಇದ್ದರೆ ಬೇರೆ ಲೆಕ್ಕ. ಆಮೇಲೆ ಮರಿಯನ್ನು ಬೆಳಕಿಗೆ ತಂದು ಕಣ್ಣಿನ ಸುತ್ತ ನೋಡಿ. ಕನ್ನಡಕ ಹಾಕಿದ ಹಾಗೆ ಬೂದು ಕೂದಲು ಇಣುಕುತ್ತಿದ್ದರೆ, ನಿಮ್ಮಪ್ಪನವರನ್ನು ಕರೆದು ತೋರಿಸಿ.

ಸುಳಿ ಅಂದರೆ ಕೂದಲು ತಿರುಗಿಕೊಂಡು ಬೆಳೆದಿರುವ ಜಾಗ, ಅಷ್ಟೇ. ತಾಯಿಯ ಹೊಟ್ಟೆಯಲ್ಲೇ ಆಗಿರುತ್ತದೆ, ನಮ್ಮ ತಲೆಯಲ್ಲೂ ಇದೆ. ಎರಡು ಸುಳಿ ಇದ್ದವನಿಗೆ ಎರಡು ಮದುವೆ ಅಂತ ಹೇಳುವವರಿಗೆ ನಾವು ನಕ್ಕು ಸುಮ್ಮನಾಗುತ್ತೇವೆ, ಹುಡುಗನನ್ನು ಮನೆಯಿಂದ ಓಡಿಸುವುದಿಲ್ಲ. ಹಿರಿಯರ ಎದುರು ವಾದ ಮಾಡಲು ಕಷ್ಟ ಅಂತ ನನಗೂ ಗೊತ್ತು. 'ಎರಡು ವರ್ಷ ನೋಡೋಣ ಅಪ್ಪಾ' ಅನ್ನಿ ಸಾಕು.

ಮರಿ ಕಪ್ಪಾಗಿಯೇ ಉಳಿದರೆ? ಕಪ್ಪು ಕುದುರೆ ಸಾಕಿ. ಬಣ್ಣ ಬರಲಿಲ್ಲ ಅಂತ ಮತ್ತೆ ಮತ್ತೆ ಮರಿ ಹಾಕಿಸುವುದು ಲಾಟರಿ ಟಿಕೆಟ್ ಕೊಂಡ ಹಾಗೆ. ಹೊಡೆಯದ ಟಿಕೆಟ್ಟನ್ನು ಹರಿದು ಎಸೆಯಬಹುದು. ಈ ಟಿಕೆಟ್ ದಿನಾ ಬೆಳಗ್ಗೆ ಎದ್ದು ಮೇವು ಕೇಳುತ್ತದೆ.

ಪ್ರಶ್ನೆ: ಹೊಸೂರಿನ ಹತ್ತಿರ ನಮ್ಮ ಲೇಔಟಿನ ಪಕ್ಕ ಹತ್ತು ದಿನದಿಂದ ಒಂದು ಬಡಕಲು ಕುದುರೆ ಮರಿ ಓಡಾಡುತ್ತಿದೆ. ಹುಡುಕಿಕೊಂಡು ಯಾರೂ ಬಂದಿಲ್ಲ. ಕಟ್ಟಿಕೊಂಡು ಸಾಕಬಹುದಾ? ಹೀಗೆ ಬಿಟ್ಟವರ ಮೇಲೆ ಕೇಸ್ ಹಾಕಲು ಆಗುತ್ತಾ?

ಉತ್ತರ: ಕೇಸ್ ಆಗುತ್ತದೆ. ಹಸಿವು, ಬಾಯಾರಿಕೆಯಿಂದ ನರಳುವ ಹಾಗೆ ಪ್ರಾಣಿಯನ್ನು ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ನಿನಲ್ಲಿ ಅಪರಾಧ. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ. ಹೌದು, ನೀವು ಸರಿಯಾಗಿಯೇ ಓದಿದಿರಿ. ಒಂದು ಮಸಾಲೆ ದೋಸೆಗೂ ಸಾಲದು.

ಹಾಗಂತ ಬಿಡಬೇಡಿ. ಮೊದಲು ಪೊಲೀಸ್ ಠಾಣೆಗೂ ನಗರ ಆಡಳಿತದ ಕಚೇರಿಗೂ ಬರೆದು ಕೊಡಿ. ಬರೆದದ್ದರ ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ಇಲ್ಲದಿದ್ದರೆ ಮರಿ ಮೈ ತುಂಬಿಕೊಂಡ ಮೇಲೆ ಮಾಲೀಕರು ಹುಟ್ಟಿಕೊಂಡು 'ಕದ್ದಿದ್ದಾರೆ' ಅನ್ನಬಹುದು. ಆಮೇಲೆ ಡಾಕ್ಟರಿಗೆ ತೋರಿಸಿ. ಮೂಗಿನಿಂದ ಗಟ್ಟಿ ಸಿಂಬಳ ಸುರಿಯುತ್ತಿದ್ದರೆ ಅಥವಾ ಮೈಮೇಲೆ ಗಂಟು ಒಡೆದ ಹುಣ್ಣು ಇದ್ದರೆ ಡಾಕ್ಟರು ಬರುವವರೆಗೆ ಮುಟ್ಟಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಗ್ಲ್ಯಾಂಡರ್ಸ್ ಅನ್ನುವ ರೋಗ ಮನುಷ್ಯರಿಗೂ ಬರುತ್ತದೆ. ಅದು ಇದೆಯೋ ಇಲ್ಲವೋ ಅಂತ ಹೇಳಲು ರಕ್ತ ಪರೀಕ್ಷೆಯೇ ಆಗಬೇಕು.

ಮೇವಿನ ವಿಷಯದಲ್ಲಿ ಆತುರ ಬೇಡ. ಬಡಕಲು ಮರಿ ನೋಡಿದ ತಕ್ಷಣ ಅಕ್ಕಪಕ್ಕದವರೆಲ್ಲ ಅನ್ನ, ಬ್ರೆಡ್, ಬಕೆಟ್ ತುಂಬ ಹುರುಳಿ ತಂದು ಸುರಿಯುತ್ತಾರೆ. ಅದು ಸಾಯುವುದು ಎಷ್ಟೋ ಸಲ ಆವಾಗಲೇ. ಮೊದಲ ವಾರ ಒಳ್ಳೆಯ ಒಣಹುಲ್ಲು, ಒಂದಿಷ್ಟು ಹಸಿಹುಲ್ಲು, ದಿನಕ್ಕೆ ಆರು ಸಲ, ಒಂದೊಂದು ಸಲಕ್ಕೆ ಸ್ವಲ್ಪ ಸ್ವಲ್ಪ. ಬಕೆಟ್ಟಿನಲ್ಲಿ ಯಾವಾಗಲೂ ನೀರಿರಲಿ. ಹುರುಳಿ ಎರಡನೇ ವಾರಕ್ಕೆ, ಬೇಯಿಸಿ, ಒಂದು ಲೋಟದಷ್ಟು. ಮೂತಿಗೆ ಹಗ್ಗ ಕಟ್ಟಿದ್ದರೆ ಅದರೊಳಗೆ ಎರಡು ಬೆರಳು ಸಲೀಸಾಗಿ ಹೋಗುತ್ತವಾ ಅಂತ ವಾರಕ್ಕೊಮ್ಮೆ ನೋಡಿ.