ಹುಳದ ಔಷಧಿ ಹಾಕಿದರೂ ಮರಿಯ ಭೇದಿ ನಿಂತಿಲ್ಲ

ಪ್ರಶ್ನೆ: ಡಾಕ್ಟ್ರೇ, ಹತ್ತು ದಿನದ ಹಿಂದೆ ಶೆಲ್ಟರ್‌ನಿಂದ ಎರಡೂವರೆ ತಿಂಗಳ ಬೆಕ್ಕಿನ ಮರಿ ತಂದೆವು. ಮೂರನೇ ದಿನದಿಂದ ಭೇದಿ ಶುರುವಾಗಿದೆ. ಹುಳದ ಔಷಧಿ ಅಲ್ಲೇ ಒಮ್ಮೆ ಹಾಕಿದ್ದರಂತೆ. ಹಾಲು, ಮೊಸರನ್ನ, ಅಂಗಡಿಯ ಎರಡು ಥರದ ಕ್ಯಾಟ್ ಫುಡ್ ಎಲ್ಲ ಕೊಟ್ಟು ನೋಡಿದೆವು. ಮಲ ನೀರುನೀರಾಗಿದೆ, ವಿಪರೀತ ವಾಸನೆ, ಒಮ್ಮೊಮ್ಮೆ ಲೋಳೆ. ಆಟ, ಊಟ ಮಾತ್ರ ಚೆನ್ನಾಗಿದೆ. ಏನು ಮಾಡಲಿ?
– ಓದುಗರೊಬ್ಬರು, ಮೈಸೂರು

ಉತ್ತರ: ಆಟ, ಊಟ ಚೆನ್ನಾಗಿದೆ ಎಂದಿರಲ್ಲ, ನಿಮ್ಮ ಪತ್ರದಲ್ಲಿ ನನಗೆ ಸಮಾಧಾನ ತಂದ ಮಾತು ಅದೊಂದೇ.

ಮೊದಲು ಹಾಲು ನಿಲ್ಲಿಸಿ. ಬೆಕ್ಕು ಅಂದ್ರೆ ಹಾಲು ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ತಾಯಿಯ ಹಾಲು ಬಿಟ್ಟ ಮೇಲೆ ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆ ಅರಗಿಸುವ ಶಕ್ತಿ ಬೆಕ್ಕಿಗೆ ಕಡಿಮೆಯಾಗುತ್ತಾ ಹೋಗುತ್ತದೆ. ಮೊಸರನ್ನವೂ ಬೇಡ, ಬೆಕ್ಕು ಮಾಂಸ ತಿನ್ನುವ ಪ್ರಾಣಿ. ಶೆಲ್ಟರ್‌ಗೆ ಫೋನ್ ಮಾಡಿ ಅಲ್ಲಿ ಏನು ತಿನ್ನುತ್ತಿತ್ತು ಕೇಳಿ, ಸದ್ಯಕ್ಕೆ ಅದನ್ನೇ ಕೊಡಿ. ಬೇರೆ ಆಹಾರ ಬೇಕೆಂದರೆ ಭೇದಿ ನಿಂತ ಮೇಲೆ, ಹಳೆಯದರ ಜೊತೆ ಸ್ವಲ್ಪ ಸ್ವಲ್ಪವೇ ಬೆರೆಸುತ್ತಾ 7ರಿಂದ 10 ದಿನದಲ್ಲಿ ಬದಲಾಯಿಸಿ.

ಇನ್ನು ಹುಳದ ಔಷಧಿ. ಮರಿಗಳಿಗೆ ಸಾಮಾನ್ಯವಾಗಿ ಹಾಕುವ ಪೈರಾಂಟೆಲ್ ಶಾವಿಗೆಯಂಥ ದುಂಡು ಹುಳ, ಕೊಕ್ಕೆ ಹುಳಗಳನ್ನು ಕೊಲ್ಲುತ್ತದೆ. ಅದೂ ಒಂದು ಸಲ ಹಾಕಿದರೆ ಸಾಲದು, ಈ ವಯಸ್ಸಿನಲ್ಲಿ ಕೆಲವು ವಾರ ಬಿಟ್ಟು ಬಿಟ್ಟು ಹಾಕುತ್ತಿರಬೇಕು. ಆದರೆ ಭೇದಿ ತರುವ ಕಾಕ್ಸಿಡಿಯಾ, ಜಿಯಾರ್ಡಿಯಾ ಹುಳಗಳೇ ಅಲ್ಲ, ಕಣ್ಣಿಗೆ ಕಾಣದ ಏಕಕೋಶ ಜೀವಿಗಳು. ಪೈರಾಂಟೆಲ್ ಅವಕ್ಕೆ ಏನೂ ಮಾಡದು. ತುಂಬಾ ಮರಿಗಳು ಒಟ್ಟಿಗಿರುವ ಕಡೆ ಇವು ಬೇಗ ಹರಡುತ್ತವೆ. ನೀವು ಹೇಳಿದ ವಾಸನೆ, ಲೋಳೆ ನೋಡಿದರೆ ನನ್ನ ಅನುಮಾನ ಇವುಗಳ ಮೇಲೇ.

ಅನುಮಾನದ ಮೇಲೆ ಮಾತ್ರೆ ಬರೆಯುವುದು ಬೇಡ. ಎರಡಕ್ಕೂ ಔಷಧಿ ಬೇರೆ ಬೇರೆ, ಡೋಸ್ ಮರಿಯ ತೂಕದ ಮೇಲೆ. ಬೆಳಗಿನ ತಾಜಾ ಮಲವನ್ನು ಕಡಲೆಬೀಜದಷ್ಟು ಮುಚ್ಚಳದ ಡಬ್ಬಿಗೆ ಹಾಕಿ ಪಶುವೈದ್ಯರಿಗೆ ಕೊಡಿ. ಒಮ್ಮೆ ಒಬ್ಬರು ಸ್ವೀಟ್ ಬಾಕ್ಸ್‌ನಲ್ಲಿ ತಂದಿದ್ದರು, ನಮ್ಮ ಹುಡುಗ ಖುಷಿಯಿಂದ ಕೈ ಚಾಚಿದ್ದ! ಜಿಯಾರ್ಡಿಯಾ ದಿನಾ ಮಲದಲ್ಲಿ ಬೀಳುವುದಿಲ್ಲ, ಹಾಗಾಗಿ ಎರಡು ಮೂರು ದಿನದ ಸ್ಯಾಂಪಲ್ ಕೇಳಿದರೆ ಬೇಸರಿಸಬೇಡಿ.

ಮನುಷ್ಯರ ಭೇದಿ ಮಾತ್ರೆ ಕೊಡಲೇಬೇಡಿ. ಮೈ ಬಿಸಿ ಅಂತ ಕೊಡುವ ಪ್ಯಾರಾಸಿಟಮಾಲ್ ಅಂತೂ ಬೆಕ್ಕಿಗೆ ವಿಷ.

ಒಂದು ವೇಳೆ ವಾಂತಿ ಶುರುವಾದರೆ, ಊಟ ಬಿಟ್ಟು ಮೂಲೆ ಸೇರಿದರೆ ಅಥವಾ ಮಲದಲ್ಲಿ ರಕ್ತ ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ. ಪ್ಯಾನ್‌ಲ್ಯುಕೋಪೀನಿಯಾ ವೈರಸ್ ಹೀಗೇ ಬರುತ್ತದೆ, ಲಸಿಕೆ ಪೂರ್ತಿಯಾಗದ ಮರಿಯನ್ನು ಒಂದೆರಡು ದಿನದಲ್ಲೇ ಕೊಂಡೊಯ್ಯಬಹುದು. ಹೆಗಲ ಮೇಲಿನ ಚರ್ಮ ಮೆಲ್ಲಗೆ ಎತ್ತಿ ಬಿಡಿ. ತಟ್ಟನೆ ಕೂರದೆ ಹಾಗೇ ನಿಂತರೆ, ವಸಡು ಒಣಗಿ ಅಂಟಂಟಾಗಿದ್ದರೆ ಮೈಯಲ್ಲಿ ನೀರು ಕಡಿಮೆಯಾಗಿದೆ ಅಂತ ಅರ್ಥ. ಆಗಲೂ ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ಮರಿ ಕಕ್ಕ ಮಾಡಿದ ಕೂಡಲೇ ಟ್ರೇಯಿಂದ ತೆಗೆದುಬಿಡಿ. ಹಿಂಭಾಗವನ್ನೂ ಒದ್ದೆ ಬಟ್ಟೆಯಿಂದ ಒರೆಸಿ. ಇಲ್ಲದಿದ್ದರೆ ಅದು ಮೈ ನೆಕ್ಕಿಕೊಂಡು, ಮಲದಲ್ಲಿ ಹೊರಗೆ ಬಿದ್ದ ಆ ಜೀವಿಗಳನ್ನೇ ಮತ್ತೆ ನುಂಗುತ್ತದೆ.