ಸಾಲ ದೇಶದ್ದು, ಠೇವಣಿ ಯಾರದ್ದು?

ಪ್ರಶ್ನೆ: ಸಾಲದಲ್ಲಿ ಮುಳುಗಿದ ಬಡ ದೇಶಗಳ ಸಿರಿವಂತರಿಗೆ ವಿದೇಶಿ ಬ್ಯಾಂಕುಗಳಲ್ಲಿ ಅಷ್ಟೊಂದು ಹಣ ಇರುವುದು ಹೇಗೆ? ಆ ಸಾಲಕ್ಕೂ ಈ ಹಣಕ್ಕೂ ಸಂಬಂಧ ಇದೆಯೇ?

ಉತ್ತರ: ಖಂಡಿತ ಇದೆ. ಅನೇಕ ಬಾರಿ ಎರಡೂ ಒಂದೇ ಹಣ. ಸರ್ಕಾರ ತಂದ ಡಾಲರ್ ಸಾಲ ಕೇಂದ್ರ ಬ್ಯಾಂಕಿಗೆ ಬರುತ್ತದೆ. ಉಳ್ಳವರು ತಮ್ಮ ನಾಣ್ಯ ಕೊಟ್ಟು ಅದೇ ಡಾಲರನ್ನು ಕೊಂಡು ಹೊರಗೆ ಸಾಗಿಸುತ್ತಾರೆ. ಸಾಲ ಮಾತ್ರ ದೇಶದ ಲೆಕ್ಕದಲ್ಲಿ ಉಳಿಯುತ್ತದೆ.

ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಲ್ಲಿ ಆಮದು ಬಿಲ್ಲುಗಳನ್ನು ನೋಡುತ್ತಿದ್ದವನು ನಾನು. 10 ಲಕ್ಷ ಡಾಲರಿನ ಯಂತ್ರಕ್ಕೆ 15 ಲಕ್ಷದ ಇನ್‌ವಾಯ್ಸ್ ಬರೆಸಿದರೆ, ಹೆಚ್ಚಿನ 5 ಲಕ್ಷ ಮಾರಾಟಗಾರನ ಕೈದಾಟಿ ಆಮದುದಾರನದೇ ವಿದೇಶಿ ಖಾತೆ ಸೇರುತ್ತದೆ. ಎಲ್‌ಸಿ (ಬ್ಯಾಂಕಿನ ಪಾವತಿ ಖಾತರಿ ಪತ್ರ), ಹಡಗಿನ ದಾಖಲೆ, ವಿಮಾಪತ್ರ ಎಲ್ಲವೂ ಒಂದಕ್ಕೊಂದು ತಾಳೆಯಾಗುತ್ತವೆ. ಯಂತ್ರದ ನಿಜವಾದ ಬೆಲೆ ಎಷ್ಟು ಎಂದು ಆ ಕಾಗದಗಳು ಹೇಳುವುದಿಲ್ಲ.

ಅರ್ಜೆಂಟೀನಾದಲ್ಲಿ 1976ರಿಂದ 1983ರವರೆಗಿನ ಸೇನಾಡಳಿತದಲ್ಲಿ ವಿದೇಶಿ ಸಾಲ ಸುಮಾರು 800 ಕೋಟಿ ಡಾಲರಿನಿಂದ 4,500 ಕೋಟಿಗೆ ಏರಿತು. ಅಲ್ಲಿನ ನಾಣ್ಯ ಪೆಸೊದ ಬೆಲೆಯನ್ನು ಕೃತಕವಾಗಿ ಎತ್ತರದಲ್ಲಿಟ್ಟಿದ್ದರಿಂದ ಡಾಲರ್ ಅಗ್ಗವಾಗಿತ್ತು. ಕೊಂಡು ಹೊರಗೆ ಕಳಿಸುವುದೇ ಲಾಭದ ದಂಧೆಯಾಯಿತು. ಕೆಲವು ಕಂಪನಿಗಳು ವಿದೇಶದಲ್ಲಿಟ್ಟ ಸ್ವಂತ ಠೇವಣಿಯನ್ನೇ ಆಧಾರವಾಗಿಟ್ಟು ‘ಸಾಲ’ ತಂದವು, ಅಂದರೆ ತಮ್ಮದೇ ಹಣಕ್ಕೆ ಸಾಲದ ವೇಷ ಹಾಕಿದವು. ಖಾಸಗಿಯವರ ಸಾಲದ ದೊಡ್ಡ ಹೊರೆ 1982ರ ನಂತರ ಸರ್ಕಾರದ ಮೇಲೆ ಬಿತ್ತು, ಅಂದರೆ ತೆರಿಗೆ ಕಟ್ಟುವವರ ಮೇಲೆ. ಇದನ್ನು ನೆನೆದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತದೆ.

ಉಲ್ಟಾ ದಾರಿಯೂ ಇದೆ. ಸಾಲ ಬೆಳೆದಷ್ಟೂ ನಾಣ್ಯದ ಬೆಲೆ ಕುಸಿಯುವ ಭಯ ಹೆಚ್ಚುತ್ತದೆ, ಸುಳಿವು ಸಿಕ್ಕವರು ಮೊದಲೇ ಹಣ ತೆಗೆಯುತ್ತಾರೆ, ಆ ಕೊರತೆ ತುಂಬಲು ಮತ್ತೆ ಸಾಲ. ಸಹಾರಾದ ದಕ್ಷಿಣದ ಆಫ್ರಿಕಾವನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞರಾದ ಎನ್‌ಡಿಕುಮಾನ ಮತ್ತು ಬಾಯ್ಸ್ ಅವರ ಲೆಕ್ಕದಲ್ಲಿ, ಪಡೆದ ಪ್ರತಿ ಡಾಲರ್ ಸಾಲದಲ್ಲಿ ಅರ್ಧಕ್ಕಿಂತ ಹೆಚ್ಚು ಹೀಗೆ ಹೊರಗೆ ಹರಿದಿದೆ.

ಸಾಲ ಕೊಟ್ಟವರಿಗೆ ಇದು ಗೊತ್ತಿರಲಿಲ್ಲವೇ? ಸರ್ವಾಧಿಕಾರಿ ಮೊಬುಟು ಆಳುತ್ತಿದ್ದ, ಈಗ ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯ ಎನಿಸಿಕೊಂಡಿರುವ ಜೈರ್‌ನ ಕೇಂದ್ರ ಬ್ಯಾಂಕಿಗೆ 1978ರಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿ ಕಳಿಸಿದ ಜರ್ಮನ್ ಅಧಿಕಾರಿ ಎರ್ವಿನ್ ಬ್ಲೂಮೆಂಥಾಲ್, ಅಲ್ಲಿನ ಭ್ರಷ್ಟಾಚಾರದಿಂದಾಗಿ ಸಾಲ ಕೊಟ್ಟವರಿಗೆ ಹಣ ಮರಳುವ ಭರವಸೆಯೇ ಇಲ್ಲ ಎಂದು 1982ರ ವರದಿಯಲ್ಲಿ ನೇರವಾಗಿ ಬರೆದರು. ಆಮೇಲೂ ವರ್ಷಗಟ್ಟಲೆ ಸಾಲ ಹರಿಯಿತು. ಮೊಬುಟು 1997ರಲ್ಲಿ ಓಡಿಹೋದರು. ತೀರದ ಸಾಲ ದೇಶದ ಜನರ ತಲೆಗೆ ಬಂತು.

ಆದ್ದರಿಂದ ಯಾವ ಸಾಲ ಯಾರ ಜೇಬು ಸೇರಿತು ಎಂಬ ತನಿಖೆ ಮೊದಲು ನಡೆಯಬೇಕು ಎನ್ನುವವನು ನಾನು. ಈಕ್ವೆಡಾರ್ 2007ರಲ್ಲಿ ಅಂಥ ಸಮಿತಿ ನೇಮಿಸಿತು. ಕೆಲವು ಬಾಂಡುಗಳು (ಸರ್ಕಾರ ಸಾಲ ಎತ್ತಲು ಮಾರಿದ ಪತ್ರಗಳು) ಅಕ್ರಮವೆಂದು ಮರುವರ್ಷ ಪಾವತಿ ನಿಲ್ಲಿಸಿ, 2009ರಲ್ಲಿ ಅವುಗಳಲ್ಲಿ ಬಹುಪಾಲನ್ನು ಡಾಲರಿಗೆ ಸುಮಾರು 35 ಸೆಂಟ್‌ನಂತೆ ಮರಳಿ ಕೊಂಡಿತು.