ಕೀ ಒತ್ತಿದರೆ ಮಾತ್ರ ಎದ್ದೇಳುವ ವಿಎಂ: ಟೈಮರ್ ಬಿಡಿ, ಮಲಗುವ ಜಾಗ ನೋಡಿ

ನಿಮ್ಮ ತೊಂದರೆ ಇದು ಅಲ್ವಾ: ಕೆವಿಎಂ (ಲಿನಕ್ಸ್ ಕರ್ನಲ್‌ನ ವರ್ಚುವಲೈಸೇಷನ್ ಸೌಲಭ್ಯ) ಮೇಲೆ ನೀವೇ ಬರೆದ ಪುಟ್ಟ ವಿಎಂ (ವರ್ಚುವಲ್ ಮೆಷಿನ್, ಕಂಪ್ಯೂಟರ್ ಒಳಗಿನ ಕಂಪ್ಯೂಟರ್), ಒಳಗೆ ಲಿನಕ್ಸ್ ಬೂಟ್ ಆಗುತ್ತದೆ. ಆದರೆ ಹತ್ತರಲ್ಲಿ ಒಂದು ಸಲ ಅರ್ಧಕ್ಕೇ ನಿಂತುಬಿಡುತ್ತದೆ, ಒಂದು ಕೀ ಒತ್ತಿದರೆ ಮತ್ತೆ ಓಡುತ್ತದೆ. ಟೈಮರ್ ಕೋಡನ್ನು ಮೂರು ಸಲ ತಿರುಗಿ ಬರೆದಿದ್ದೀರಿ. ದಯವಿಟ್ಟು ನಾಲ್ಕನೇ ಸಲ ಬರೆಯಬೇಡಿ. ಇದೇ ಕಾಟಕ್ಕೆ ನನ್ನ ಎರಡು ಭಾನುವಾರ ಹೋಗಿವೆ.

ಕೀ ಒತ್ತಿದರೆ ಓಡುತ್ತದೆ ಅನ್ನುವುದೇ ದೊಡ್ಡ ಸುಳಿವು. ಕೆಲಸವಿಲ್ಲದಾಗ ಗೆಸ್ಟ್ (ವಿಎಂ ಒಳಗಿನ ಲಿನಕ್ಸ್) ಎಚ್‌ಎಲ್‌ಟಿ ಕೊಡುತ್ತದೆ, ಅಂದರೆ ಇಂಟರಪ್ಟ್ (ಟೈಮರ್, ಕೀಬೋರ್ಡ್‌ನಂಥವು ಸಿಪಿಯುಗೆ ಕೊಡುವ ಕರೆ) ಬರುವ ತನಕ ಸಿಪಿಯುವನ್ನು ನಿಲ್ಲಿಸುವ ಇನ್‌ಸ್ಟ್ರಕ್ಷನ್. ಇಂಟರಪ್ಟ್ ಕಂಟ್ರೋಲರನ್ನು ಕರ್ನಲ್‌ಗೆ ಬಿಡದೆ ನೀವೇ ಬರೆದಿರುವುದರಿಂದ ಆ ಎಚ್‌ಎಲ್‌ಟಿ ನಿಮ್ಮ ಕೋಡಿಗೇ ಬರುತ್ತದೆ. ವಿಸಿಪಿಯು ಥ್ರೆಡ್ (ಗೆಸ್ಟ್‌ನ ಸಿಪಿಯುವನ್ನು ಓಡಿಸುವ ಥ್ರೆಡ್) "ಇಂಟರಪ್ಟ್ ಬಾಕಿ ಇದೆಯಾ?" ಅಂತ ನೋಡುತ್ತದೆ. ಇಲ್ಲ. ಸರಿ, ಮಲಗಲು ಹೊರಡುತ್ತದೆ. ಅಷ್ಟರಲ್ಲಿ ಟೈಮರ್ ಥ್ರೆಡ್ ಬಂದು, ಬಾಕಿ ಎಂದು ಗುರುತು ಹಾಕಿ, ಕೂಗಿ ಹೋಗುತ್ತದೆ. ಇನ್ನೂ ಮಲಗದವರನ್ನು ಎಬ್ಬಿಸುವುದೆಲ್ಲಿ? ಆಮೇಲೆ ಥ್ರೆಡ್ ಮಲಗುತ್ತದೆ. ಮುಂದಿನ ಟೈಮರ್ ಇಡಬೇಕಾದದ್ದು ಗೆಸ್ಟ್, ಅದೂ ನಿದ್ದೆಯಲ್ಲಿದೆ. ಇನ್ನು ಕೀಬೋರ್ಡೇ ಎಬ್ಬಿಸಬೇಕು.

ಮೊದಲು ಖಚಿತ ಮಾಡಿಕೊಳ್ಳಿ. ಪ್ರಿಂಟ್‌ಎಫ್ ಹಾಕಬೇಡಿ, ಅದರಿಂದ ಸಮಯ ಅಲ್ಲಾಡಿ ದೋಷ ಅಡಗಿಕೊಳ್ಳುತ್ತದೆ. ನಿಂತಾಗ ಜಿಡಿಬಿ (ಡೀಬಗರ್) ಹಚ್ಚಿ ನೋಡಿ. ಬಾಕಿ ಫ್ಲ್ಯಾಗ್ (ಟೈಮರ್ ಥ್ರೆಡ್ ಹಾಕುವ ಆ ಗುರುತು) 1 ಇದ್ದು ವಿಸಿಪಿಯು ಥ್ರೆಡ್ ಕಂಡೀಷನ್ ವೇರಿಯಬಲ್ (ಇನ್ನೊಂದು ಥ್ರೆಡ್ ಕೂಗುವ ತನಕ ಮಲಗುವ ಜಾಗ) ಮೇಲೆ ಕಾಯುತ್ತಿದ್ದರೆ ಇದೇ ಕಾಯಿಲೆ. ಇನ್ನೂ ಒಂದು ಉಪಾಯ: ಫ್ಲ್ಯಾಗ್ ನೋಡುವ ಸಾಲಿಗೂ ಮಲಗುವ ಸಾಲಿಗೂ ನಡುವೆ ಬೇಕಂತಲೇ 5 ಮಿಲಿಸೆಕೆಂಡ್ ಯುಸ್ಲೀಪ್ (ಸುಮ್ಮನೆ ಕಾಯಿಸುವ ಕರೆ) ಹಾಕಿ. ಹತ್ತರಲ್ಲಿ ಒಂದು ಸಲ ನಿಲ್ಲುತ್ತಿದ್ದದ್ದು ಹೆಚ್ಚುಕಡಿಮೆ ಪ್ರತಿ ಸಲ ನಿಲ್ಲುತ್ತದೆ. ರಿಪೇರಿ ಆದ ಮೇಲೂ ಆ ಯುಸ್ಲೀಪ್ ತೆಗೆಯದೆ ಹಾಗೇ ಇಟ್ಟುಕೊಂಡು ಪರೀಕ್ಷೆ ಮಾಡಿ.

ರಿಪೇರಿ ಚಿಕ್ಕದು. ಫ್ಲ್ಯಾಗ್ ನೋಡುವುದು, ಮಲಗುವುದು ಎರಡೂ ಒಂದೇ ಮ್ಯೂಟೆಕ್ಸ್ (ಒಮ್ಮೆಗೆ ಒಂದೇ ಥ್ರೆಡ್ ಹಿಡಿಯಬಹುದಾದ ಬೀಗ) ಹಿಡಿದೇ ಆಗಬೇಕು; ಮಲಗಿದಾಗ ಕಂಡೀಷನ್ ವೇರಿಯಬಲ್ಲೇ ಆ ಬೀಗ ಬಿಡುತ್ತದೆ. ಟೈಮರ್ ಥ್ರೆಡ್ ಕೂಡ ಅದೇ ಮ್ಯೂಟೆಕ್ಸ್ ಹಿಡಿದೇ ಫ್ಲ್ಯಾಗ್ ಹಾಕಬೇಕು. ಕಾಯುವುದನ್ನು ಇಫ್ ಒಳಗೆ ಇಡಬೇಡಿ, ವೈಲ್ ಒಳಗೆ ಇಡಿ, ಕಾರಣವಿಲ್ಲದೆಯೂ ಎಚ್ಚರವಾಗುವುದುಂಟು.

ಇದೇ ತೂತು ಇನ್ನೊಂದು ಕಡೆಯೂ ಇದೆ, ಜಾಸ್ತಿ ಜನ ಗಮನಿಸುವುದಿಲ್ಲ. ಗೆಸ್ಟ್ ಓಡುತ್ತಿರುವಾಗ ಅದನ್ನು ಹೊರಗೆ ಕರೆಯಲು ಸಿಗ್ನಲ್ ಕಳಿಸುತ್ತೀರಿ. ಥ್ರೆಡ್ ಕೆವಿಎಂ ರನ್ ಕರೆಗೆ (ಗೆಸ್ಟನ್ನು ಓಡಿಸುವ ಕರೆ) ಕಾಲಿಡುವ ಒಂದು ಕ್ಷಣ ಮೊದಲು ಸಿಗ್ನಲ್ ಬಂದರೆ ಹ್ಯಾಂಡ್ಲರ್ ಮುಗಿದುಹೋಗುತ್ತದೆ, ಥ್ರೆಡ್ ಏನೂ ಆಗದಂತೆ ಒಳಗೆ ಹೋಗುತ್ತದೆ. ಹ್ಯಾಂಡ್ಲರ್ ಒಳಗೆ ಇಮ್ಮೀಡಿಯೆಟ್ ಎಕ್ಸಿಟ್ ಫ್ಲ್ಯಾಗನ್ನು 1 ಮಾಡಿ. ಆಗ ಕೆವಿಎಂ ರನ್ ಗೆಸ್ಟನ್ನು ಓಡಿಸದೆ ತಕ್ಷಣ ವಾಪಸ್ ಬರುತ್ತದೆ. ವಾಪಸ್ ಬಂದ ಮೇಲೆ ಅದನ್ನು 0 ಮಾಡಿ, ಆಮೇಲೆಯೇ ಬಾಕಿ ಫ್ಲ್ಯಾಗ್ ನೋಡಿ. ಈ ಕ್ರಮ ತಿರುಗಿಸಿದರೆ ತೂತು ಮತ್ತೆ ತೆರೆದುಕೊಳ್ಳುತ್ತದೆ. ಲಿನಕ್ಸ್ 4.11ರಿಂದ ಈ ಸೌಲಭ್ಯ ಇದೆ.

ಕೆವಿಎಂ ಇಲ್ಲದೆ ಎಮ್ಯುಲೇಟರ್ ಬರೆಯುತ್ತಿರುವವರಿಗೆ ಒಂದು ಮಾತು. ಎಸ್‌ಟಿಐ (ಇಂಟರಪ್ಟ್‌ಗೆ ಅನುಮತಿ ಕೊಡುವ ಇನ್‌ಸ್ಟ್ರಕ್ಷನ್) ಆದ ಮೇಲೆ ಇನ್ನೊಂದು ಇನ್‌ಸ್ಟ್ರಕ್ಷನ್ ಮುಗಿಯುವ ತನಕ ಇಂಟರಪ್ಟ್ ಕೊಡಬಾರದು. ಎಸ್‌ಟಿಐ, ಎಚ್‌ಎಲ್‌ಟಿ ಎರಡರ ನಡುವೆ ಕೊಟ್ಟರೆ ಗೆಸ್ಟ್ ಅದನ್ನು ಮುಗಿಸಿ ವಾಪಸ್ ಬಂದು ಮಲಗಿಬಿಡುತ್ತದೆ. ನಿಲ್ಲುವ ರೀತಿ ಥೇಟ್ ಇದೇ.

ಜಿಡಿಬಿಯಲ್ಲಿ ಬಾಕಿ ಫ್ಲ್ಯಾಗ್ 0 ಕಂಡರೆ ಮಾತ್ರ ಟೈಮರ್ ಕಡೆ ತಿರುಗಿ. ಗಡುವಿನಿಂದ ಈಗಿನ ಸಮಯ ಕಳೆಯುವಾಗ ಗಡುವು ಆಗಲೇ 1 ನ್ಯಾನೋಸೆಕೆಂಡ್ ದಾಟಿದ್ದರೆ, ಅನ್‌ಸೈನ್ಡ್ 64 ಬಿಟ್‌ನಲ್ಲಿ 18446744073709551615 ಬರುತ್ತದೆ. ಅಂದರೆ ಸುಮಾರು 584 ವರ್ಷ ಕಾಯುತ್ತದೆ! ಕಳೆಯುವ ಮೊದಲು ಹೋಲಿಸಿ, ದಾಟಿದ್ದರೆ ಆಗಲೇ ಇಂಟರಪ್ಟ್ ಕೊಡಿ. ಟೈಮ್ಡ್‌ವೇಟ್ (ಗಡುವಿನ ತನಕ ಮಾತ್ರ ಕಾಯುವ ಕರೆ) ಬಳಸಿದ್ದರೆ ಗಡಿಯಾರವನ್ನು ಮೊನೊಟಾನಿಕ್‌ಗೆ (ಎಂದೂ ಹಿಂದಕ್ಕೆ ಹೋಗದ ಗಡಿಯಾರ) ಬದಲಿಸಿ. ಸುಮ್ನೆ ಬಿಟ್ಟರೆ ಅದು ರಿಯಲ್‌ಟೈಮ್ ಹಿಡಿಯುತ್ತದೆ, ಹೋಸ್ಟ್ (ಹೊರಗಿನ ನಿಜವಾದ ಯಂತ್ರ) ಸಮಯ ಹಿಂದಕ್ಕೆ ಹೋದರೆ ಗೆಸ್ಟ್ ಅಷ್ಟು ಹೊತ್ತು ಜಾಸ್ತಿ ಮಲಗುತ್ತದೆ.

ಗೆಸ್ಟ್ ಗಡಿಯಾರ ನಿಧಾನ ಅಂತಲೂ ಬರೆದಿದ್ದೀರಿ. ಮುಂದಿನ ಟಿಕ್ಕನ್ನು "ಈಗ + 1 ಮಿಲಿಸೆಕೆಂಡ್" ಎಂದು ಲೆಕ್ಕ ಹಾಕಿದ್ದೀರಾ ನೋಡಿ. ಲಿನಕ್ಸ್ ಸಾಮಾನ್ಯ ಥ್ರೆಡ್ಡನ್ನು 50 ಮೈಕ್ರೋಸೆಕೆಂಡ್ ತನಕ ತಡವಾಗಿ ಎಬ್ಬಿಸಬಹುದು. ಪ್ರತಿ ಟಿಕ್ಕಿಗೂ ಅಷ್ಟು ಸೇರಿದರೆ ಗಂಟೆಗೆ ಸುಮಾರು 3 ನಿಮಿಷ ಹಿಂದೆ ಬೀಳುತ್ತದೆ. "ಹಿಂದಿನ ಗಡುವು + 1 ಮಿಲಿಸೆಕೆಂಡ್" ಮಾಡಿ.

ಇಷ್ಟಾದರೂ ನಿಂತರೆ ಬಾಕಿ ಫ್ಲ್ಯಾಗ್, ಕೊನೆಯ ಗಡುವು, ಎಲ್ಲ ಥ್ರೆಡ್‌ಗಳ ಬ್ಯಾಕ್‌ಟ್ರೇಸ್ (ಯಾವ ಕರೆಯಲ್ಲಿ ನಿಂತಿವೆ ಎಂಬ ಪಟ್ಟಿ) ಮೂರನ್ನೂ ಇಲ್ಲೇ ಹಾಕಿ. ರಾತ್ರಿ ಕೂತು ನೋಡುತ್ತೇನೆ.